ಛಾವಣಿ ಎಲ್ಲಿದೆ?

ಅರವತ್ತೆಂಟನೆಯ ವಯಸ್ಸಿನಲ್ಲಿ, ನಿವೃತ್ತಿ ವೇತನವನ್ನು ನೆಚ್ಚಿಕೊಂಡ ಕನ್ನಡ ಮೇಷ್ಟರೊಬ್ಬನು ಹಳೆಯ ಕಾರೊಂದನ್ನು ಕೊಳ್ಳಲು ಹೊರಟನೆಂದರೆ ಕೇಳಿದವರು ನಗುವುದು ಸಹಜ. ನಮ್ಮ ಮನೆಯಾಕೆ ನಗಲಿಲ್ಲ. "ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವುದು ಬಿಟ್ಟು ಕಾರಿಗೆ ಎಣ್ಣೆ ಹಾಕಲು ಹೊರಟಿರಾ?" ಎಂದಷ್ಟೇ ಕೇಳಿದಳು. ಆ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಕಾರು 1967ರ ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು, ನನಗಿಂತ ಹತ್ತು ವರ್ಷ ಚಿಕ್ಕದು. ಮೈಸೂರಿನ ಕುವೆಂಪುನಗರದ ಗೃಹಸ್ಥರೊಬ್ಬರ ಬಳಿ ಇದೆ. ಮೂರು ವರ್ಷಗಳ ಹಿಂದೆ ಮಗನ ಮದುವೆಯ ಮೆರವಣಿಗೆಗೆಂದು ಅವರು ಅದರ ಛಾವಣಿಯನ್ನು ಬಿಚ್ಚಿಸಿದರಂತೆ. ಅಂದಿನಿಂದ ಅದನ್ನು ಸ್ಪೋರ್ಟ್ಸ್ ಕಾರೆಂದೇ ಕರೆಯುತ್ತಾರೆ. ಬೆಲೆಯನ್ನೂ ಆ ಹೆಸರಿಗೆ ತಕ್ಕಂತೆಯೇ ಹೇಳುತ್ತಾರೆ. ಮೂರೂವರೆ ಲಕ್ಷ.

ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಇಂಗ್ಲೆಂಡಿನ ಕಾವೆಂಟ್ರಿಯ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪೆನಿಯು ಹೆರಾಲ್ಡನ್ನು ಹೊರತಂದದ್ದು 1959ರಲ್ಲಿ. ಅದರ ರೂಪವನ್ನು ಬಿಡಿಸಿದವನು ಇಟಲಿಯ ಟ್ಯೂರಿನ್ನಿನ ಜೊವಾನ್ನಿ ಮಿಕೆಲೊಟ್ಟಿ. ಕಂಪೆನಿಗೆ ಒಡಲುಗಳನ್ನು ಒತ್ತಿಕೊಡುತ್ತಿದ್ದ ಕಾರ್ಖಾನೆಯು 1953ರಲ್ಲಿಯೇ ಎದುರಾಳಿಯ ಪಾಲಾಗಿತ್ತು. ಇಡಿಯ ಒಡಲನ್ನು ಒಂದಾಗಿ ಮಾಡಿಸಿಕೊಳ್ಳುವ ದಾರಿ ಮುಚ್ಚಿತ್ತು. ಆದುದರಿಂದ ಬಿಡಿಬಿಡಿ ಭಾಗಗಳನ್ನು ಮಾಡಿಸಿ, ಅವನ್ನು ಪ್ರತ್ಯೇಕವಾದ ಚಾಸಿಯ ಮೇಲೆ ಬೋಲ್ಟುಗಳಿಂದ ಬಿಗಿದರು. ಛಾವಣಿಯೂ ಹಾಗೆ ಬಿಗಿದದ್ದೇ, ಬಿಚ್ಚಬಹುದು. ಅದೇ ಚಾಸಿಯನ್ನು ಮೊಟಕುಗೊಳಿಸಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ನಿಜವಾದ ಸ್ಪೋರ್ಟ್ಸ್ ಕಾರನ್ನು ಕಟ್ಟಿದರು. ಮದರಾಸಿನಲ್ಲಿ 1961ರಿಂದ ತಯಾರಾಗತೊಡಗಿದ ನಮ್ಮ ಹೆರಾಲ್ಡಿಗೆ ಇದ್ದದ್ದು 948 ಸಿ.ಸಿ.ಯ ಪುಟ್ಟ ಎಂಜಿನ್. ಸ್ಪಿಟ್‌ಫೈರಿನ ದಾಯಾದಿ ಎನ್ನೋಣ. ಪಾಲು ಮಾತ್ರ ಕಡಿಮೆ ಸಿಕ್ಕಿದ ದಾಯಾದಿ.

ನಾನು 1978ರಲ್ಲಿ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾಗ ನಮ್ಮ ಗುರುಗಳೊಬ್ಬರಲ್ಲಿ ಇಂಥ ಕಾರಿತ್ತು. ಇಪ್ಪತ್ತೈದು ಅಡಿಯ ಜಾಗದೊಳಗೆ ಅದು ಪೂರ್ತಿ ತಿರುಗಿ ನಿಲ್ಲುತ್ತಿತ್ತು. ಅವರು ಬಾನೆಟ್ಟನ್ನು ಮುಂದಕ್ಕೆ ಎತ್ತಿದರೆ ಮಡ್‌ಗಾರ್ಡುಗಳೂ ಅದರೊಡನೆಯೇ ಏಳುತ್ತಿದ್ದವು, ಎಂಜಿನ್ ಬಯಲಾಗುತ್ತಿತ್ತು. ಮುಂದಿನ ಟೈರಿನ ಮೇಲೆ ಕುಳಿತು ಸ್ಪಾರ್ಕ್ ಪ್ಲಗ್ಗನ್ನು ಒರೆಸುತ್ತಲೇ ಅವರು ನಮಗೆ ಛಂದಸ್ಸಿನ ಸಂದೇಹಗಳನ್ನು ಬಿಡಿಸಿದ್ದುಂಟು. ನನ್ನ ಆಸೆಯ ಮೂಲ ಅಲ್ಲಿದೆ. ಇಂಥ ಮೂಲದ ಆಸೆ ವ್ಯಾಪಾರಕ್ಕೆ ಒಳ್ಳೆಯದಲ್ಲವೆಂದು ಬಲ್ಲೆ. ಅದಕ್ಕೇ ಪರೀಕ್ಷೆಗೆ ಒಬ್ಬ ಹಳೆಯ ಮೇಸ್ತ್ರಿಯನ್ನು ಕರೆದೊಯ್ದೆ.

ಅವರಿಗೆ ಎಪ್ಪತ್ತಮೂರು ವರ್ಷ. ಬಣ್ಣವನ್ನು ಅವರು ನೋಡಲೇ ಇಲ್ಲ. ನನ್ನನ್ನು ಸೀಟಿನಲ್ಲಿ ಕೂರಿಸಿ ಕ್ಲಚ್ಚನ್ನು ಒತ್ತಿಸಿ, ಬಿಡಿಸಿ, ಮತ್ತೆ ಒತ್ತಿಸಿ, ತಾವು ಎಂಜಿನ್ನಿನ ಮೂತಿಯಲ್ಲಿರುವ ರಾಟೆಯನ್ನು ದಿಟ್ಟಿಸಿದರು. ಕ್ರ್ಯಾಂಕ್ ದಂಡವು ಹಿಂದುಮುಂದಕ್ಕೆ ಜರುಗದಂತೆ ತಡೆಯುವ ಅರ್ಧಚಂದ್ರಾಕಾರದ ಬಿಲ್ಲೆಗಳು ಸವೆದಿದ್ದರೆ ಕ್ಲಚ್ಚು ಒತ್ತಿದಾಗ ರಾಟೆ ಕಣ್ಣಿಗೆ ಕಾಣುವಂತೆ ಮುಂದಕ್ಕೆ ಸರಿಯುತ್ತದೆ. ಆ ಬಿಲ್ಲೆಗಳು ಕಳಚಿ ಬಿದ್ದರಂತೂ ಎಂಜಿನ್ನಿನ ಒಡಲೇ ಹಾಳು. ಸರಿಯಲಿಲ್ಲ. ಬಳಿಕ ಮುಂದಿನ ಗಾಲಿಗಳ ಬಳಿ ನೆಲದ ಮೇಲೆ ಮಲಗಿದರು. ಅಲ್ಲಿ ಟ್ರನಿಯನ್ ಎಂಬ ಹಿತ್ತಾಳೆಯ ಗೂಡಿದೆ; ಅದರೊಳಗೆ ಉಕ್ಕಿನ ತಿರುಪು ಆಡುತ್ತದೆ. ಅದಕ್ಕೆ ಉಣಿಸಬೇಕಾದದ್ದು ಗೇರುಪೆಟ್ಟಿಗೆಯ ದಪ್ಪ ಎಣ್ಣೆ, ಗ್ರೀಸಲ್ಲ. ಗ್ರೀಸು ತಳಕ್ಕೆ ಇಳಿಯದು. ನೀರು ಹೊಕ್ಕು ಉಕ್ಕು ತುಕ್ಕು ಹಿಡಿಯುತ್ತದೆ. ಒಂದು ದಿನ ಮುರಿದು ಗಾಲಿ ಮಗುಚುತ್ತದೆ. ಮೇಸ್ತ್ರಿಯವರ ಬೆರಳಿಗೆ ಗ್ರೀಸೇ ಹತ್ತಿತು. "ಬಿಚ್ಚಿ ನೋಡಬೇಕು" ಎಂದರು. ಪೆಟ್ರೋಲಿನ ರಬ್ಬರು ಕೊಳವೆಗಳನ್ನೂ ಬದಲಿಸಬೇಕಂತೆ. ಶೇಕಡಾ 20ರಷ್ಟು ಎಥನಾಲ್ ಬೆರೆತ ಈಗಿನ ಪೆಟ್ರೋಲನ್ನು ಅಂದಿನ ರಬ್ಬರು ತಾಳದು. "ಇದನ್ನೆಲ್ಲ ಮುಂದೆ ನೋಡಿಕೊಳ್ಳುವವರಾರು?" ಎಂದು ಕೇಳಿದೆ. "ನಾನಿರುವವರೆಗೆ ನಾನು" ಎಂದರು. ಅವರ ಮಗ ವಿದ್ಯುತ್ ಸ್ಕೂಟರುಗಳ ಅಂಗಡಿಯಲ್ಲಿದ್ದಾನೆ.

ಅಲ್ಲಿಗೇ ಕೈಬಿಡಬಹುದಾಗಿತ್ತು. ಆದರೆ ಗೃಹಸ್ಥರು ಬೀಗದ ಕೈ ಕೊಟ್ಟರು. ಸಂಜೆ ಐದೂವರೆ, ಲಲಿತಮಹಲ್ ರಸ್ತೆಯಲ್ಲಿ ಮೆಲ್ಲಗೆ ಹೋದೆ. ಎಡಗಡೆಯೋ ಬಲಗಡೆಯೋ ಯಾರು ನೋಡಿದರೋ ತಿಳಿಯದು. ತಲೆಯ ಮೇಲೆ ಮರಗಳು ಹಿಂದಕ್ಕೆ ಹರಿಯುತ್ತಿದ್ದವು, ಬೆಟ್ಟ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ನಲವತ್ತು ಕಿಲೋಮೀಟರು ವೇಗವೂ ಇರಲಿಲ್ಲ. ನನಗೆ ಮಾತ್ರ ಎಂಬತ್ತರಂತಿತ್ತು. ಹಿಂದಿರುಗಿದಾಗ ಕೊಳ್ಳುವುದೆಂದೇ ನಿಶ್ಚಯಿಸಿದ್ದೆ.

ತಡೆದದ್ದು ನೋಂದಣಿ ಪತ್ರ. ಖಾಸಗಿ ಕಾರಿಗೆ ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಇದಕ್ಕೆ ಆಗಿದೆ. ಆದರೆ ಪತ್ರದಲ್ಲಿರುವುದು ಛಾವಣಿಯುಳ್ಳ ಸಲೂನು, ನನ್ನೆದುರಿಗಿದ್ದದ್ದು ಬೋಳುತಲೆ. ತಯಾರಕರು ಕೊಟ್ಟ ರೂಪಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ನಿಷೇಧಿಸುತ್ತದೆ. ಐವತ್ತು ವರ್ಷ ದಾಟಿದ ಕಾರುಗಳಿಗೆಂದು 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ನಿಯಮವಿದೆಯಲ್ಲ ಎಂದುಕೊಂಡೆ. 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಅದೂ ಒಡಲು ಮೂಲರೂಪದಲ್ಲಿರಬೇಕೆನ್ನುತ್ತದೆ. ಮೇಲಾಗಿ ನಿತ್ಯದ ಓಡಾಟಕ್ಕೆ ಬಳಸಬಾರದು, ಪ್ರದರ್ಶನಕ್ಕೋ ರ‍್ಯಾಲಿಗೋ ದುರಸ್ತಿಗೋ ಮಾತ್ರ ರಸ್ತೆಗಿಳಿಸಬೇಕು. ತರಕಾರಿ ತರಲು ಒಯ್ಯಲಾಗದ ಕಾರು ನನಗೇಕೆ?

ಯಾವುದರಿಂದ ಅದು ನನಗೆ ಸ್ಪೋರ್ಟ್ಸ್ ಕಾರಾಗಿ ಕಂಡಿತೋ ಅದೇ ಅದರ ದೋಷ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಯಾರು ಹಿಡಿಯುತ್ತಾರೆ, ಎಷ್ಟೋ ಮಂದಿ ಓಡಿಸುತ್ತಿಲ್ಲವೇ ಎಂದೂ ಅನ್ನಿಸಿತು; ಮೂವತ್ತು ವರ್ಷ ಹುಡುಗರ ನಕಲು ಹಿಡಿದವನಿಗೆ ಆ ಸಮಾಧಾನ ಒಗ್ಗಲಿಲ್ಲ. ಮೂರನೆಯ ದಿನ ಗೃಹಸ್ಥರಿಗೆ ಫೋನು ಮಾಡಿ ಒಂದೇ ಮಾತು ಕೇಳಿದೆ: "ಛಾವಣಿ ಎಲ್ಲಿದೆ?"

ಅವರು ತುಸು ಹೊತ್ತು ಸುಮ್ಮನಿದ್ದರು. ಸಕಲೇಶಪುರದ ತೋಟದಲ್ಲಿದೆಯಂತೆ, ಸೌದೆಯ ಮೇಲೆ ಮುಚ್ಚಿದ್ದಾರಂತೆ, ಕೆಳಗೆ ಕೋಳಿಗಳು ಮಲಗುತ್ತವಂತೆ. ಹಿಂದಿನ ಗಾಜು ಒಡೆದಿದೆ, ಬೋಲ್ಟಿನ ರಂಧ್ರಗಳು ನೆಟ್ಟಗಿವೆ. ಛಾವಣಿ ಕೂತು, ಟ್ರನಿಯನ್ನುಗಳನ್ನು ಬಿಚ್ಚಿ ನೋಡಿದ ಮೇಲೆ ಎರಡು ಲಕ್ಷದ ಎಂಬತ್ತು ಸಾವಿರಕ್ಕೆ ಕೊಡಲು ಒಪ್ಪಿದ್ದಾರೆ. ಐದು ಸಾವಿರ ಮುಂಗಡ ಕೊಟ್ಟಿದ್ದೇನೆ.

ಬರುವ ಭಾನುವಾರ ಮೇಸ್ತ್ರಿಯವರೂ ನಾನೂ ಸಕಲೇಶಪುರಕ್ಕೆ ಹೋಗುತ್ತಿದ್ದೇವೆ. ಗಾಜಿನ ಅಳತೆಗೆ ರಟ್ಟನ್ನು ಕತ್ತರಿಸಿಟ್ಟುಕೊಳ್ಳಲು ಹೇಳಿದ್ದಾರೆ. ಮಳೆ ಹಿಡಿಯುವ ಮೊದಲು ಕೋಳಿಗಳಿಗೂ ಬೇರೆ ಮಾಡು ಆಗಬೇಕು. ಅದರ ಖರ್ಚು ಯಾರದೆಂಬುದು ಇನ್ನೂ ತೀರ್ಮಾನವಾಗಿಲ್ಲ.