ಮೂಲೆ ಸೇರಿದ ಸ್ಕೂಟರಿಗೆ ಮರುಜೀವ

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳ ಹಳೆಯ ಬಡಾವಣೆಗಳಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ಬನ್ನಿ. ಮೆಟ್ಟಿಲಿನ ಕೆಳಗೋ, ಕಾಂಪೌಂಡಿನ ಮೂಲೆಯಲ್ಲೋ ಗೋಣಿತಾಟು ಹೊದ್ದು ನಿಂತ ಸ್ಕೂಟರೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಹೆಚ್ಚಿನವು ಬಜಾಜ್ ಚೇತಕ್. ಅಲ್ಲೊಂದು ಇಲ್ಲೊಂದು ಲ್ಯಾಂಬ್ರೆಟಾ, ವಿಜಯ್ ಸೂಪರ್. ಯಜಮಾನರಿಗೆ ಅದನ್ನು ಓಡಿಸುವ ವಯಸ್ಸು ಮೀರಿದೆ, ಮಕ್ಕಳಿಗೆ ಗುಜರಿಗೆ ಕೊಡಲು ಮನಸ್ಸು ಬಾರದು. ಒಂದು ಭಾನುವಾರ ಮಗನೋ ಮಗಳೋ ಗೋಣಿತಾಟು ಸರಿಸಿ, "ಇದನ್ನು ನಾವೇ ಯಾಕೆ ಸರಿಮಾಡಬಾರದು?" ಎಂದು ಕೇಳುತ್ತಾರೆ. ಖಂಡಿತ ಮಾಡಬಹುದು. ಆದರೆ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು ಎಂಬುದರಲ್ಲೇ ಹೆಚ್ಚಿನವರು ದಾರಿ ತಪ್ಪುತ್ತಾರೆ. ಬಣ್ಣದಿಂದ ಆರಂಭಿಸುತ್ತಾರೆ.

ಏಕೆ ಹಾಗೆ ಮಾಡಬಾರದು ಎಂಬುದು ತಿಳಿಯಬೇಕಾದರೆ ಈ ವಾಹನದ ಹುಟ್ಟನ್ನು ಸ್ವಲ್ಪ ನೋಡಬೇಕು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಟಲಿಯ ಪಿಯಾಜಿಯೊ ಕಂಪೆನಿ ಅಗ್ಗದ ವಾಹನವೊಂದನ್ನು ತಯಾರಿಸಲು ಹೊರಟಿತು. ಅದರ ವಿನ್ಯಾಸಕಾರ ಕೊರಾದಿನೊ ದಾಸ್ಕಾನಿಯೊ ವಿಮಾನ ಮತ್ತು ಹೆಲಿಕಾಪ್ಟರುಗಳ ಎಂಜಿನಿಯರ್. ಮೋಟಾರ್ ಸೈಕಲ್ ಎಂದರೆ ಆತನಿಗೆ ಅಷ್ಟಕ್ಕಷ್ಟೆ. 1946ರ ಏಪ್ರಿಲ್ ತಿಂಗಳಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದ ಆ ವೆಸ್ಪಾದಲ್ಲಿ ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟು ಇರಲಿಲ್ಲ. ಉಕ್ಕಿನ ತಗಡನ್ನೇ ಒತ್ತಿ, ಮಡಚಿ, ಬೆಸೆದು ದೇಹ ಮಾಡಿದ್ದರು. ಮುಂಗಾಲಿಯನ್ನು ಒಂದೇ ಪಕ್ಕದ ತೋಳು ಹಿಡಿಯುವ ಏರ್ಪಾಡು ವಿಮಾನದ ಚಕ್ರದಿಂದ ಬಂದದ್ದು. ನಮ್ಮಲ್ಲಿ ಬಜಾಜ್ ಸಂಸ್ಥೆ ಪಿಯಾಜಿಯೊ ಪರವಾನಗಿಯ ಮೇಲೆ 1960ರ ದಶಕದಲ್ಲಿ ಇದೇ ಮಾದರಿಯನ್ನು ತಯಾರಿಸಿತು. ಪರವಾನಗಿ ಮುಗಿದ ಮೇಲೆ, 1972ರಲ್ಲಿ, ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು ಚೇತಕ್ ಹೊರತಂದಿತು. ಹಣ ಕಟ್ಟಿ ವರ್ಷಗಟ್ಟಲೆ ಕಾದು ಅದನ್ನು ಪಡೆದವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಮನೆಯಲ್ಲಿ ಅದು ಬರೀ ವಾಹನವಲ್ಲ, ಕುಟುಂಬದ ಒಬ್ಬ ಸದಸ್ಯ. ಈಗ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿರುವುದು ವಿದ್ಯುತ್ ಸ್ಕೂಟರ್. ಅದರ ಸಂಗತಿಯೇ ಬೇರೆ.

ಇಲ್ಲಿ ಗಮನಿಸಬೇಕಾದ ಮಾತು ಇಷ್ಟೆ. ಚೇತಕ್ಕಿನಲ್ಲಿ ಚರ್ಮವೂ ಮೂಳೆಯೂ ಒಂದೇ. ಮೋಟಾರ್ ಸೈಕಲ್ಲಿನ ಮಡ್‌ಗಾರ್ಡ್ ತುಕ್ಕು ಹಿಡಿದರೆ ಬಿಚ್ಚಿ ಬಿಸಾಡಿ ಬೇರೆ ಹಾಕಬಹುದು. ಸ್ಕೂಟರಿನ ನೆಲ, ಅಂದರೆ ನಾವು ಕಾಲಿಡುವ ಜಾಗ, ತುಕ್ಕು ಹಿಡಿದರೆ ವಾಹನದ ಬೆನ್ನೆಲುಬೇ ಸವೆದಂತೆ. ಹಿಂಬದಿ ಬ್ರೇಕಿನ ಪೆಡಲು ಕೂತಿರುವುದು ಆ ನೆಲದ ಮೇಲೆ. ಸ್ಟ್ಯಾಂಡ್ ಹಿಡಿದಿರುವುದೂ ಅದನ್ನೇ. ಜೋರಾಗಿ ಬ್ರೇಕ್ ತುಳಿದಾಗ ಪೆಡಲಿನ ಕೆಳಗಿನ ತಗಡೇ ಬಗ್ಗಿದರೆ ಸವಾರನ ಗತಿ ಏನು? ಆದ್ದರಿಂದ ಮೊದಲ ದಿನದ ಕೆಲಸ ಸ್ಕೂಟರನ್ನು ಹಳೆಯ ಹಾಸಿಗೆಯ ಮೇಲೆ ಎಡಕ್ಕೆ ಮಲಗಿಸಿ ಹೊಟ್ಟೆ ನೋಡುವುದು. ಅದಕ್ಕೆ ಮುಂಚೆ ಟ್ಯಾಂಕಿನ ಪೆಟ್ರೋಲನ್ನು ತೆಗೆದಿರಬೇಕು. ರಬ್ಬರ್ ಮ್ಯಾಟಿನ ಕೆಳಗೆ ನಿಂತ ಮಳೆನೀರು, ಅಡ್ಡಪಟ್ಟಿಗಳ ಸಂದಿನಲ್ಲಿ ಕೂತ ಕೆಸರು, ಇವೆರಡೂ ಒಳಗೊಳಗೇ ಕೆಲಸ ಮಾಡಿರುತ್ತವೆ. ಸ್ಕ್ರೂಡ್ರೈವರಿನ ತುದಿಯಿಂದ ಅಂಗುಲ ಅಂಗುಲವೂ ಕುಟ್ಟಿ ನೋಡಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಕೊಳೆತದ್ದು ಹಪ್ಪಳದಂತೆ ಮುರಿಯುತ್ತದೆ. ಮೇಲ್ಭಾಗಕ್ಕೆ ಒಂದು ಸಣ್ಣ ಅಯಸ್ಕಾಂತ ಸಾಕು. ಅದು ಸರಿಯಾಗಿ ಅಂಟದ ಕಡೆ ಹಿಂದೆ ಯಾರೋ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ ಎಂದರ್ಥ.

ನೆಲ ಕೊಳೆತಿದ್ದರೆ ಅದನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಅನುಭವಿ ಟಿಂಕರ್ ಮೇಸ್ತ್ರಿಯ ಕೈಗೆ ಕೊಡಿ. ಕತ್ತರಿಸುವ ಮುನ್ನ ದೇಹ ಸೊಟ್ಟಗಾಗದಂತೆ ಒಳಗೆ ಅಡ್ಡಕಂಬಿ ಬಿಗಿಯುವವನೇ ಒಳ್ಳೆಯ ಮೇಸ್ತ್ರಿ. ಇಲ್ಲವಾದರೆ ಮುಂದಿನ ಚಕ್ರ ಒಂದು ದಾರಿ, ಹಿಂದಿನದು ಇನ್ನೊಂದು ದಾರಿ ಹಿಡಿದಾವು. ಇಂಥ ಮೇಸ್ತ್ರಿಗಳು ಈಗ ಕಡಿಮೆಯಾಗುತ್ತಿದ್ದಾರೆ. ಇರುವವರ ಕೂಲಿಯಲ್ಲಿ ಚೌಕಾಸಿ ಮಾಡುವುದು ನನಗಂತೂ ಸರಿಕಾಣದು.

ಇನ್ನು ಬಿಚ್ಚುವ ಕೆಲಸ. ಅದು ಮನೆಯಲ್ಲೇ ಆಗುತ್ತದೆ, ಆಗಬೇಕು ಕೂಡ. ದೂರದರ್ಶನದ ಚಿತ್ರೀಕರಣದಲ್ಲಿ ನಾವು 'ಕಂಟಿನ್ಯುಟಿ' ಎಂದು ಒಂದು ಮಾತು ಬಳಸುತ್ತೇವೆ. ನಿನ್ನೆ ನಟನ ಕೈಗಡಿಯಾರ ಯಾವ ಕೈಯಲ್ಲಿತ್ತೋ ಇಂದೂ ಅದೇ ಕೈಯಲ್ಲಿರಬೇಕು, ಅದಕ್ಕಾಗಿ ಫೋಟೋ ತೆಗೆದಿಡುತ್ತೇವೆ. ಸ್ಕೂಟರಿಗೂ ಅದೇ ಕ್ರಮ. ಪ್ರತಿ ನಟ್ಟು ಬಿಚ್ಚುವ ಮುನ್ನ ಒಂದು ಫೋಟೋ, ಬಿಚ್ಚಿದ ಮೇಲೆ ಹೆಸರು ಬರೆದ ಒಂದು ಪೊಟ್ಟಣ. ಗೇರು, ಕ್ಲಚ್ಚು, ಬ್ರೇಕಿನ ಕೇಬಲ್ಲುಗಳು ದೇಹದ ಒಳಗೆ ಹಾದು ಹೋಗಿರುತ್ತವೆ. ಹಳೆಯದನ್ನು ಎಳೆಯುವ ಮುನ್ನ ಅದರ ತುದಿಗೆ ಗಟ್ಟಿ ಹುರಿ ಕಟ್ಟಿಬಿಡಿ. ಕೇಬಲ್ ಹೊರಬಂದಾಗ ಹುರಿ ಒಳಗಿರುತ್ತದೆ, ಹೊಸದನ್ನು ಅದೇ ಎಳೆದು ತರುತ್ತದೆ. ಇದೊಂದು ಮರೆತರೆ ಒಂದು ದಿನ ವ್ಯರ್ಥ. ಎಂಜಿನ್ನಿನ ವಿಷಯದಲ್ಲಿ ಮಾತ್ರ ಸಮಾಧಾನವಿದೆ. ಕೇಬಲ್ಲು, ವೈರು, ಪೆಟ್ರೋಲ್ ಪೈಪು ಬಿಡಿಸಿದರೆ ಅದನ್ನು ಹಿಡಿದಿರುವುದು ಒಂದು ಉದ್ದನೆಯ ಬೋಲ್ಟು ಮತ್ತು ಶಾಕ್ ಅಬ್ಸಾರ್ಬರಿನ ಬೋಲ್ಟು ಮಾತ್ರ.

ಸಣ್ಣಪುಟ್ಟ ಭಾಗಗಳ ತುಕ್ಕಿಗೆ ನಮ್ಮ ಅಡುಗೆಮನೆಯಲ್ಲೇ ಔಷಧವಿದೆ. ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ಉಜ್ಜಿದರಾಯಿತು. ತೊಳೆದ ಕೂಡಲೇ ಒಣಗಿಸಿ ಎಣ್ಣೆ ಸವರಬೇಕು. ಬೆತ್ತಲೆ ಉಕ್ಕು ಗಂಟೆಯೊಳಗೆ ಮತ್ತೆ ಕೆಂಪಾಗುತ್ತದೆ. ದೊಡ್ಡ ಭಾಗಗಳಿಗೆ ವಿದ್ಯುದ್ವಿಭಜನೆ ಒಳ್ಳೆಯ ಉಪಾಯ. ಪ್ಲಾಸ್ಟಿಕ್ ತೊಟ್ಟಿಯ ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಬೆರೆಸಿ, ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ತುಕ್ಕಿನ ಭಾಗಕ್ಕೂ, ಧನ ತಂತಿಯನ್ನು ಒಂದು ಹಳೆಯ ಕಬ್ಬಿಣದ ಪಟ್ಟಿಗೂ ಕೊಡಿ. ಎರಡೂ ಒಂದಕ್ಕೊಂದು ತಾಗಬಾರದು. ತುಕ್ಕು ಸಡಿಲಗೊಂಡು ಉದುರುತ್ತದೆ, ಒಳ್ಳೆಯ ಲೋಹ ಹಾಗೆಯೇ ಉಳಿಯುತ್ತದೆ. ಕಬ್ಬಿಣದ ಬದಲು ಸ್ಟೇನ್‌ಲೆಸ್ ಸ್ಟೀಲ್ ಬಳಸಬೇಡಿ, ಕ್ರೋಮಿಯಂನ ವಿಷಕಾರಿ ಲವಣಗಳು ನೀರಿಗಿಳಿಯುತ್ತವೆ. ಹೊರಬರುವ ಜಲಜನಕ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಇದನ್ನು ಬಯಲಿನಲ್ಲೇ ಮಾಡಿ. ಸ್ಪ್ರಿಂಗುಗಳನ್ನು ಮಾತ್ರ ಇದರಲ್ಲಿ ಅದ್ದಬಾರದು. ಜಲಜನಕ ಹೊಕ್ಕ ಗಟ್ಟಿ ಉಕ್ಕು ಮುರಿಯುವ ಗುಣ ಪಡೆಯುತ್ತದೆ.

ಎರಡು ಅಪಾಯಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಡ್ರಮ್ಮಿನ ಧೂಳನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಎರಡನೆಯದು ಪೆಟ್ರೋಲ್ ಟ್ಯಾಂಕು. ವರ್ಷಗಳಿಂದ ಖಾಲಿ ಇದ್ದರೂ ಅದರಲ್ಲಿ ಆವಿ ಉಳಿದಿರುತ್ತದೆ. ಅದನ್ನು ಬೆಸೆಯಲು ಹೋಗಿ ಪ್ರಾಣಕ್ಕೆ ಎರವಾಗಬೇಡಿ.

ಎಂಜಿನ್ 145 ಸಿ.ಸಿ.ಯ ಟೂ ಸ್ಟ್ರೋಕ್. ಇದರಲ್ಲಿ ಪೆಟ್ರೋಲ್, ಗಾಳಿ, ಎಣ್ಣೆಯ ಮಿಶ್ರಣ ಮೊದಲು ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಹೀಗಾಗಿ ಆ ಕೋಣೆ ಗಾಳಿಯಾಡದಂತೆ ಬಿಗಿಯಾಗಿರಲೇಬೇಕು. ಆ ಬಿಗಿ ಕಾಯುವುದು ಕ್ರ್ಯಾಂಕಿನ ಎರಡು ತುದಿಗಳ ಆಯಿಲ್ ಸೀಲುಗಳು. ಎಷ್ಟೋ ವರ್ಷ ನಿಂತ ಗಾಡಿಯಲ್ಲಿ ಇವು ಒಣಗಿ ಗಟ್ಟಿಯಾಗಿರುತ್ತವೆ. ಮ್ಯಾಗ್ನೆಟ್ ಕಡೆಯ ಸೀಲು ಸೋತರೆ ಹೊರಗಿನ ಗಾಳಿ ನುಗ್ಗಿ, ಮಿಶ್ರಣ ತೆಳುವಾಗಿ, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಕ್ಲಚ್ ಕಡೆಯದು ಸೋತರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬೀದಿ ತುಂಬ ಬಿಳಿ ಹೊಗೆ. ಹೊಗೆ ಕಂಡ ಕೂಡಲೇ ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ಎಂದು ಸಲಹೆ ಕೊಡುವವರು ಬಹಳ. ಮೊದಲು ಸೀಲು ನೋಡಿ. ಎಂಜಿನ್ ಬಿಚ್ಚಿದ್ದೇ ಆದರೆ ಎರಡನ್ನೂ ಬದಲಿಸಿಯೇಬಿಡಿ, ಬೆಲೆ ಅಲ್ಪ.

ಇನ್ನೊಂದು ಸಂಗತಿ ಈ ಸ್ಕೂಟರು ತಯಾರಾದ ಕಾಲದಲ್ಲಿ ಇರಲಿಲ್ಲ. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ ಸಮಾರಂಭ ನಡೆಸಿ, ಬಿಡುಗಡೆ ಮಾಡಲಾಯಿತು. ಎಥನಾಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ, ತೇವವನ್ನೂ ಹೀರುತ್ತದೆ. ತೇವ ಹೆಚ್ಚಾದರೆ ಎಥನಾಲೂ ನೀರೂ ಸೇರಿ ಟ್ಯಾಂಕಿನ ತಳಕ್ಕಿಳಿದು ಅಲ್ಲೇ ತುಕ್ಕಿಗೆ ದಾರಿಮಾಡುತ್ತವೆ. ಪೆಟ್ರೋಲ್ ಪೈಪು, ಕಾರ್ಬ್ಯುರೇಟರಿನ ವಾಷರುಗಳನ್ನು ಈಗಿನ ಪೆಟ್ರೋಲಿಗೆ ಒಗ್ಗುವಂಥವುಗಳಿಗೆ ಬದಲಿಸಿಕೊಳ್ಳಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕು ಖಾಲಿ ಮಾಡಿ.

ಈಗ ಯುವಕರಿಗೆ ಪ್ರಿಯವಾದ ವಿಷಯ, ಅಂದರೆ ತಮ್ಮ ರುಚಿಗೆ ತಕ್ಕ ಬದಲಾವಣೆ. ನಾನು ಇದರ ವಿರೋಧಿಯಲ್ಲ. ಆದರೆ ದೇಹಕ್ಕೆ ಗರಗಸ ಹಾಕಬೇಕಾದ ಯಾವ ಬದಲಾವಣೆಯೂ ಬೇಡ. ಕಾರಣ ಆಗಲೇ ಹೇಳಿದೆ, ನೀವು ಕತ್ತರಿಸುವುದು ಅಲಂಕಾರವನ್ನಲ್ಲ, ಮೂಳೆಯನ್ನು. ಸೀಟು, ಕನ್ನಡಿ, ಕ್ಯಾರಿಯರ್, ಟಯರಿನ ಜಾತಿ, ಇವು ನಿಮ್ಮ ಇಷ್ಟ. ಪಾಯಿಂಟಿನ ಹಳೆಯ ಇಗ್ನಿಷನ್ ಬದಲು ನಂತರದ ಮಾದರಿಗಳಲ್ಲಿ ಬಂದ 12 ವೋಲ್ಟಿನ ಎಲೆಕ್ಟ್ರಾನಿಕ್ ಸೆಟ್ಟನ್ನು ಕೂಡಿಸುವುದು ನಿಜಕ್ಕೂ ಉಪಯುಕ್ತ. ಹಳೆಯದರಲ್ಲಿ ಸಿಗ್ನಲ್ ಬಳಿ ನಿಂತರೆ ಹೆಡ್‌ಲೈಟು ಹಣತೆಯಂತಾಗುತ್ತದೆ. ಕ್ರ್ಯಾಂಕಿನ ತುದಿಗೆ ಹೊಸ ಫ್ಲೈವೀಲ್ ಹೊಂದುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ತೆಗೆದ ಭಾಗಗಳನ್ನು ಡಬ್ಬಿಯಲ್ಲಿಟ್ಟುಕೊಳ್ಳಿ. ಸಿಗದ ಭಾಗಗಳಿಗೆ ಬೆಂಗಳೂರಿನವರು ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಸುತ್ತಬಹುದು.

ಕಾನೂನೂ ಇದೇ ಮಾತನ್ನು ಹೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಬೇರೆ ಬಣ್ಣ ಬಳಿಸಿದರೆ ಆರ್.ಟಿ.ಓ. ಕಚೇರಿಗೆ ತಿಳಿಸಿ ಆರ್.ಸಿ.ಯಲ್ಲಿ ನಮೂದಿಸಿಕೊಳ್ಳಬೇಕು. ಹದಿನೈದು ವರ್ಷ ಮೀರಿದ ವಾಹನಕ್ಕೆ ನೋಂದಣಿ ನವೀಕರಣವೂ ಬೇಕು. 2021ರ ಜುಲೈ ತಿಂಗಳ ನಿಯಮದಂತೆ 50 ವರ್ಷ ಮೀರಿದ, ಮೂಲರೂಪದಲ್ಲೇ ಉಳಿದ ದ್ವಿಚಕ್ರ ವಾಹನಗಳು 'ವಿಂಟೇಜ್' ಎಂದು ನೋಂದಣಿಯಾಗಬಹುದು. ಅಂದರೆ 1972ರ ಚೇತಕ್ಕಿಗೆ ಈಗಾಗಲೇ ಆ ಅರ್ಹತೆ ಬಂದಿದೆ, ದೇಹ ಕತ್ತರಿಸಿದ್ದರೆ ಅದೂ ಹೋಯಿತು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ದೇಹದ ಮೇಲೆ ಕೊರೆದ ಚಾಸಿ ನಂಬರನ್ನು ಮರಳು ಕಾಗದದಿಂದ ಉಜ್ಜಿ ಅಳಿಸಬೇಡಿ, ಪುಟ್ಟಿಯ ಕೆಳಗೆ ಮುಚ್ಚಲೂ ಬೇಡಿ.

ಟೂ ಸ್ಟ್ರೋಕ್ ಎಂಜಿನ್ ಉರಿಯದ ಪೆಟ್ರೋಲನ್ನು ಸ್ವಲ್ಪ ಹೊರಗೆ ಉಗುಳುತ್ತದೆಂಬುದು ನಿಜ. ದಿನವೂ ಆಫೀಸಿಗೆ ಇದರಲ್ಲೇ ಹೋಗಿ ಎಂದು ನಾನು ಹೇಳಲಾರೆ. ಭಾನುವಾರದ ಬೆಳಗಿನ ಸವಾರಿಗೆ ಸಾಕು.

ಬಣ್ಣ ಬಳಿಯುವುದು ಕೊನೆಗೆ. ತುಕ್ಕು ತೆಗೆದ ದಿನವೇ ಪ್ರೈಮರ್, ನೆಲದ ಹೊಟ್ಟೆಗೆ ಎರಡು ಕೈ ಹೆಚ್ಚು, ಆಮೇಲೆ ನಿಮ್ಮ ಮೆಚ್ಚಿನ ಬಣ್ಣ. ಜೋಡಿಸಿದ ಮೇಲೆ ಮೊದಲ ಸವಾರಿ ಬೀದಿಗೆ ಬೇಡ. ನಿಮ್ಮ ಗಾಡಿಯ ಮಾದರಿಗೆ ಹೇಳಿದ ಪ್ರಮಾಣದಲ್ಲಿ ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಿ, ಹೆಲ್ಮೆಟ್ ಧರಿಸಿ, ಖಾಲಿ ಮೈದಾನದಲ್ಲಿ ಎರಡನೆಯ ಗೇರಿನಲ್ಲಿ ಹತ್ತು ಸಲ ಬ್ರೇಕ್ ಹಿಡಿದು ನೋಡಿ. ಪೆಡಲಿನ ಕೆಳಗೆ ನೆಲ ಅಲುಗಾಡದೆ ನಿಂತರೆ, ಅದನ್ನು ಕೊಂಡ ಹಿರಿಯರನ್ನೇ ಮೊದಲು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ.