ಕಪಾಟಿನ ಬೀಗ ತೆಗೆಯೋಣ



ಮಣಿಪಾಲದ ಈ ಸಮ್ಮೇಳನದ ಅಧ್ಯಕ್ಷತೆ ನನ್ನ ಪಾಲಿಗೆ ಬಂದಿದೆ. ಈಗಿನ ಮಕ್ಕಳು ಪುಸ್ತಕ ಮುಟ್ಟುವುದೇ ಇಲ್ಲ ಎಂಬ ದೂರು ಬೆಳಿಗ್ಗೆಯಿಂದ ಇಲ್ಲಿ ಹಲವು ಬಾರಿ ಕೇಳಿಬಂತು. ಪ್ರತಿ ಸಲವೂ ತಪ್ಪು ಮೊಬೈಲಿನ ತಲೆಗೇ ಹೋಯಿತು. ಮೊಬೈಲಿನ ಸೆಳೆತ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಮೊಬೈಲು ಕೈಗೆ ಸಿಕ್ಕುವಷ್ಟು ಸಲೀಸಾಗಿ ಮಗುವಿಗೆ ಪುಸ್ತಕ ಸಿಗುತ್ತದೆಯೇ? ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಮಕ್ಕಳಿಗಾಗಿ ಬರೆದವರಿಗೆ ಈ ಕರಾವಳಿಯಲ್ಲಿ ಎಂದೂ ಬರ ಇರಲಿಲ್ಲ. ಬಂಟ್ವಾಳದಲ್ಲಿ ಹುಟ್ಟಿ, ಮಾಸ್ತರರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದ ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಕೋಟದ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ ತಂದರು. ಆಗಲೇ ‘ಚೋಮನ ದುಡಿ’ ಬರೆದಿದ್ದ ಲೇಖಕರು ಮಕ್ಕಳಿಗೆ ಲೋಕವನ್ನು ಪರಿಚಯಿಸುವ ಕೆಲಸವನ್ನು ಕಿರಿದೆಂದು ಎಣಿಸಲಿಲ್ಲ. ಇದೇ ಮಣಿಪಾಲದಲ್ಲಿ ನೆಲೆಸಿರುವ ವೈದೇಹಿಯವರು ಮಕ್ಕಳಿಗೆ ನಾಟಕಗಳನ್ನು ಕೊಟ್ಟಿದ್ದಾರೆ. ಮಕ್ಕಳ ‘ತುಂತುರು’ ಪತ್ರಿಕೆ ಹೊರಟದ್ದೂ ಈ ಊರಿನಿಂದಲೇ.

ಇನ್ನೊಬ್ಬರ ಬಗ್ಗೆ ತುಸು ಹೆಚ್ಚೇ ಹೇಳಬೇಕು. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಹನ್ನೆರಡರ ಪ್ರಾಯಕ್ಕೆ ಮುಂಬಯಿ ಸೇರಿದವರು. 1967ರಲ್ಲಿ ದೆಹಲಿಯ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಿದ ಮಕ್ಕಳು, ರಾಮನ ತಾಯಿ ಯಾರು ಎಂದರೆ ತಡವರಿಸಿದ್ದನ್ನು ಅವರು ಕಂಡರು. ಅವರು ಮಕ್ಕಳನ್ನು ಗದರಲಿಲ್ಲ, ಮಕ್ಕಳು ತಾವಾಗಿ ಕೈಗೆತ್ತಿಕೊಳ್ಳುವಂಥ ಪುಸ್ತಕ ಮಾಡಿದರು. ಅದೇ ‘ಅಮರ ಚಿತ್ರ ಕಥೆ’. ಅದರ ಇಂಗ್ಲಿಷ್ ಮಾಲೆ ‘ಕೃಷ್ಣ’ನೊಂದಿಗೆ ಹನ್ನೊಂದನೆಯ ಸಂಖ್ಯೆಯಿಂದ ಶುರುವಾಗುತ್ತದೆ. ಅದಕ್ಕೆ ಮುಂಚಿನ ಹತ್ತು ಕನ್ನಡದಲ್ಲಿ ಬಂದಿದ್ದವು! 1980ರಲ್ಲಿ ‘ಟಿಂಕಲ್’ ಪತ್ರಿಕೆ ಬಂತು. ದೇಶದ ಮಕ್ಕಳೆಲ್ಲ ಅವರನ್ನು ‘ಅಂಕಲ್ ಪೈ’ ಎಂದು ಕರೆದರು, ರಾಶಿ ರಾಶಿ ಪತ್ರ ಬರೆದರು. ನಿಮ್ಮ ಮಗು ಬರೀ ಚಿತ್ರಕಥೆ ಓದುತ್ತದೆ ಎಂದು ಯಾರಾದರೂ ಮೂಗು ಮುರಿದರೆ ಕಾರ್ಕಳದ ಈ ಹಿರಿಯರನ್ನು ನೆನಪಿಸಿಕೊಡಿ.

ಬರೆದವರು ಇಷ್ಟು ಮಾಡಿಟ್ಟಿದ್ದಾರೆ. ಹಾಗಾದರೆ ಪುಸ್ತಕ ಎಲ್ಲಿ ಸಿಕ್ಕಿಬಿದ್ದಿದೆ?

ಬಹಳ ಶಾಲೆಗಳಲ್ಲಿ ಅದು ಮುಖ್ಯೋಪಾಧ್ಯಾಯರ ಕೋಣೆಯ ಕಬ್ಬಿಣದ ಕಪಾಟಿನಲ್ಲಿದೆ. ಕಪಾಟಿಗೆ ಬೀಗ ಇದೆ. ಇದಕ್ಕೆ ಅಧ್ಯಾಪಕರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಪ್ರತಿ ಪುಸ್ತಕವೂ ದಾಸ್ತಾನು ವಹಿಯಲ್ಲಿ ನಮೂದಾಗಿರುತ್ತದೆ. ವರ್ಗವಾಗಿ ಚಾರ್ಜ್ ಕೊಡುವ ದಿನ ಲೆಕ್ಕ ತಾಳೆಯಾಗಬೇಕು. ಹರಿದದ್ದಕ್ಕೂ ಕಳೆದದ್ದಕ್ಕೂ ಅಧ್ಯಾಪಕರೇ ಹೊಣೆ. ಮೂರನೇ ತರಗತಿಯ ಮಗುವಿನ ಕೈಗೆ ಪುಸ್ತಕ ಕೊಟ್ಟರೆ ಅದು ಹರಿಯುತ್ತದೆ, ಊಟದ ಸಾರು ತಾಗುತ್ತದೆ, ಮಳೆಗಾಲದಲ್ಲಿ ಒದ್ದೆಯಾಗುತ್ತದೆ. ಹೊಸದರಂತೆಯೇ ಉಳಿದ ಪುಸ್ತಕಗಳ ಶಾಲೆಯನ್ನು ನಾವು ಅಚ್ಚುಕಟ್ಟಿನ ಶಾಲೆ ಎನ್ನುತ್ತೇವೆ. ನನ್ನ ಮಟ್ಟಿಗೆ ಹತ್ತು ಪುಸ್ತಕಗಳ ಬೆನ್ನು ಕಿತ್ತುಹೋದ ಶಾಲೆಯೇ ಸರಿಯಾಗಿ ನಡೆಯುತ್ತಿರುವ ಶಾಲೆ.

ಕಾಪು ಕಡೆಯ ಒಂದು ಸಣ್ಣ ಶಾಲೆಯಲ್ಲಿ ಟೀಚರ್ ಒಬ್ಬರು ಕಪಾಟಿನ ಪುಸ್ತಕಗಳನ್ನೆಲ್ಲ ಜಗಲಿಯ ಚಾಪೆಯ ಮೇಲೆ ಹರಡಿ, ‘ಬೇಕಾದ್ದು ತಗೊಳ್ಳಿ’ ಎಂದು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದೇನೆ. ಐದನೇ ತರಗತಿಯ ಹುಡುಗನೊಬ್ಬ, ಅವನಪ್ಪ ಬೋಟಿಗೆ ಹೋಗುವವರು, ಮೀನಿನ ಚಿತ್ರಗಳ ಪುಸ್ತಕ ಎತ್ತಿಕೊಂಡ. ಎರಡು ಪುಟ ತಿರುವಿದವನೇ ಎದ್ದು ಬಂದ: ‘ಟೀಚರ್, ಇದು ಬಂಗುಡೆ ಅಲ್ಲ, ಬೂತಾಯಿ. ಬಂಗುಡೆಯ ಬೆನ್ನಿಗೆ ಕಪ್ಪು ಗೆರೆ ಉಂಟು.’ ಟೀಚರ್ ಕನ್ನಡಕ ಸರಿಮಾಡಿಕೊಂಡು ನೋಡಿ, ‘ಹೌದಲ್ಲ ಮಾರಾಯ, ಇನ್ನೂ ಎಲ್ಲಾದರೂ ತಪ್ಪುಂಟಾ ನೋಡು’ ಎಂದರು. ಪಾಠಪುಸ್ತಕ ಕಂಡರೆ ಆಕಳಿಸುವ ಹುಡುಗ ತಪ್ಪು ಹಿಡಿಯುವ ಹುಮ್ಮಸ್ಸಿನಲ್ಲಿ ಕೊನೆಯ ಪುಟದವರೆಗೆ ಅಕ್ಷರ ಅಕ್ಷರ ಬಿಡಿಸಿ ಓದಿದ. ಸಂಜೆ ಬಂದು, ‘ತಿಮಿಂಗಿಲದ ಪುಸ್ತಕ ಉಂಟಾ?’ ಎಂದು ಕೇಳಿದ.

ಆ ಟೀಚರ್ ಮಾಡದೆ ಬಿಟ್ಟ ಕೆಲಸವೊಂದಿದೆ. ಓದಿದ ಮೇಲೆ ಅವರು ಪ್ರಶ್ನೆ ಕೇಳಲಿಲ್ಲ. ಸಾರಾಂಶ ಬರೆಸಲಿಲ್ಲ, ‘ಇದರಿಂದ ಏನು ಕಲಿತೆ’ ಎನ್ನಲಿಲ್ಲ. ಕಪಾಟಿನ ಬೀಗ ತೆಗೆದ ಮೇಲೂ ಈ ಎರಡನೇ ಬೀಗ ಉಳಿದುಬಿಡುತ್ತದೆ. ಕಥೆ ಮುಗಿದೊಡನೆ ಪರೀಕ್ಷೆ ಕಾದಿದೆ ಎಂದು ಗೊತ್ತಿರುವ ಮಗು ಕಥೆಯೊಳಗೆ ಮುಳುಗುವುದು ಹೇಗೆ? ಡೇನಿಯಲ್ ಪೆನ್ನಾಕ್ ಎಂಬ ಫ್ರೆಂಚ್ ಮೇಷ್ಟ್ರು 1992ರ ತಮ್ಮ ಪುಸ್ತಕದಲ್ಲಿ ಓದುಗನಿಗೆ ಹತ್ತು ಹಕ್ಕುಗಳನ್ನು ಕೊಟ್ಟರು. ಪುಟ ಹಾರಿಸುವ ಹಕ್ಕು, ಅರ್ಧಕ್ಕೆ ಬಿಡುವ ಹಕ್ಕು, ಓದಿದ್ದನ್ನೇ ಮತ್ತೆ ಓದುವ ಹಕ್ಕು ಅದರಲ್ಲಿವೆ. ಓದಿದ ಮೇಲೆ ಸುಮ್ಮನಿರುವ ಹಕ್ಕೂ ಇದೆ. ನಮ್ಮ ಮಕ್ಕಳಿಗೆ ಇದೊಂದನ್ನಾದರೂ ಕೊಡೋಣ.

ಪ್ರಾಯಕ್ಕೆ ಬರುವ ಮಕ್ಕಳ ಸಂಗತಿ ಇನ್ನೂ ಕಠಿಣ. ದ್ವಿತೀಯ ಪಿಯುಸಿ ಫಲಿತಾಂಶ ಬಂದಾಗ ಮೊದಲ ಸ್ಥಾನಕ್ಕೆ ಪೈಪೋಟಿ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ನಡುವೆಯೇ. 2025ರಲ್ಲಿ ಉಡುಪಿ ಮೊದಲು ಬಂತು. ಹೆಮ್ಮೆ ಪಡಬೇಕಾದ್ದೇ. ಆದರೆ ಎಂಟನೇ ತರಗತಿ ದಾಟಿದ ಮಗುವಿನ ಕೈಯಲ್ಲಿ ಕಾದಂಬರಿ ಕಂಡರೆ ‘ಮೊದಲು ಪಾಠ ಮುಗಿಸು’ ಎನ್ನದ ಮನೆಗಳು ಎಷ್ಟಿವೆ? ಸಿಇಟಿ, ನೀಟ್ ಎಂದು ಎರಡು ವರ್ಷ ಕಥೆಯಿಂದ ದೂರವಿಟ್ಟ ಹುಡುಗಿ ಇಪ್ಪತ್ತರಲ್ಲಿ ತಾನಾಗಿ ಮರಳುತ್ತಾಳೆ ಎಂಬ ಭರವಸೆ ನನಗಿಲ್ಲ. ಈ ಪ್ರಾಯದವರಿಗೆ ಅವರ ಹುಚ್ಚಿನ ಬಾಗಿಲಿನಿಂದಲೇ ಪುಸ್ತಕ ಕೊಡಬೇಕು. ಉಡುಪಿಯ ಶಾಲೆಗಳಲ್ಲಿ ಯಕ್ಷಗಾನ ಕಲಿತು ಅಭಿಮನ್ಯುವಾಗಿ ಕುಣಿದ ಹುಡುಗನಿಗೆ ಮಹಾಭಾರತದ ದೊಡ್ಡ ಪುಸ್ತಕವೂ ಭಾರವಾಗುವುದಿಲ್ಲ. ಕ್ರಿಕೆಟಿನ ಹುಚ್ಚಿದ್ದವಳಿಗೆ ಆಟಗಾರರ ಜೀವನಕಥೆ ಕೊಡಿ. ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳ ಮಕ್ಕಳು ಇವರು, ಇಂಗ್ಲಿಷಿನಲ್ಲಿ ಓದಿದರೂ ಬೇಸರ ಬೇಡ. ಪಕ್ಕದಲ್ಲೊಂದು ಕನ್ನಡ ಪುಸ್ತಕವೂ ಇರುವಂತೆ ನೋಡಿಕೊಂಡರಾಯಿತು.

ಈಗ ಹಣದ ಮಾತು. ರಾಜ್ಯದ 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಕಟ್ಟುವವರು ನಾವು, ಗ್ರಂಥಾಲಯದ ಪುಸ್ತಕಗಳು ನಮ್ಮವೇ. 2020ರ ‘ಓದುವ ಬೆಳಕು’ ಅಭಿಯಾನದಲ್ಲಿ ಪಂಚಾಯತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ನಿಮ್ಮ ಮಗುವಿನ ಕಾರ್ಡು ಮನೆಯಲ್ಲಿದ್ದರೆ ಈ ವಾರವೇ ಜೊತೆಗೆ ಹೋಗಿ ಒಂದು ಪುಸ್ತಕ ತನ್ನಿ, ಇಲ್ಲದಿದ್ದರೆ ಮಾಡಿಸಿ.

ಶಾಲೆಗಳ ಹಳೆ ವಿದ್ಯಾರ್ಥಿ ಸಂಘದವರಲ್ಲಿ, ಮುಂಬಯಿಯಲ್ಲಿ ನೆಲೆಸಿದ ನಮ್ಮ ಊರಿನವರಲ್ಲಿ ಒಂದು ಬೇಡಿಕೆ. ಶಾಲೆಗೆ ರಂಗಮಂಟಪ ಕಟ್ಟಿಸಿದ್ದೀರಿ, ಗೇಟು ಮಾಡಿಸಿದ್ದೀರಿ. ಹರಿದ ಪುಸ್ತಕಗಳ ಲೆಕ್ಕವನ್ನೂ ನಿಮ್ಮ ತಲೆಗೆ ಹಾಕಿಕೊಳ್ಳಿ. ವರ್ಷದ ಕೊನೆಗೆ ಎಷ್ಟು ಹರಿದವೋ ಎಷ್ಟು ಕಳೆದವೋ ಅಷ್ಟನ್ನು ನಾವು ತುಂಬಿಕೊಡುತ್ತೇವೆ ಎಂದು ಮುಖ್ಯೋಪಾಧ್ಯಾಯರಿಗೆ ಬರೆದುಕೊಡಿ. ಮೊತ್ತ ದೊಡ್ಡದಾಗದು, ಅಧ್ಯಾಪಕರ ಹೆದರಿಕೆ ಹೋಗುತ್ತದೆ, ಕಪಾಟು ತೆರೆಯುತ್ತದೆ.

ಅಪ್ಪ ಅಮ್ಮಂದಿರಿಗೆ ಕೊನೆಯ ಮಾತು. ಸಭಾಂಗಣದ ಹೊರಗೆ ಪುಸ್ತಕ ಮಳಿಗೆಗಳಿವೆ. ಊಟಕ್ಕೆ ಹೋಗುವ ಮೊದಲು ಮಗುವಿನ ಕೈಗೆ ನೂರು ರೂಪಾಯಿ ಕೊಟ್ಟು ನೀವು ದೂರ ನಿಲ್ಲಿ. ಭೂತದ ಕಥೆ ಆರಿಸಲಿ, ಜೋಕಿನ ಪುಸ್ತಕ ಆರಿಸಲಿ, ಅದನ್ನು ಬದಲಿಸಬೇಡಿ. ಆರಿಸಲು ಅರ್ಧ ಗಂಟೆ ಹಿಡಿದರೆ ಊಟ ಕಾಯಲಿ, ನಾನೂ ಕಾಯುತ್ತೇನೆ.