ಬೈರಿಗೆ ಯಂತ್ರದ ಮೇಜು: ಅದರ ಜೀರ್ಣೋದ್ಧಾರ



ಲೋಹದಲ್ಲಿ ರಂಧ್ರ ಕೊರೆಯುವ ಬೈರಿಗೆ ಯಂತ್ರವನ್ನು ತಾವೆಲ್ಲರೂ ಬಲ್ಲಿರಿ. ತಿರುಗುವ ಬೈರಿಗೆಯ ಕಡೆಗೆ ಎಲ್ಲರ ದೃಷ್ಟಿಯೂ ಹೋಗುವುದು ಸಹಜ. ಅದರ ಕೆಳಗೆ ನಿಶ್ಚಲವಾಗಿ ನಿಂತು ಕೆಲಸದ ತುಂಡನ್ನು ಹೊರುವ ಮೇಜನ್ನು ಗಮನಿಸುವವರು ವಿರಳ. ಆದರೆ ರಂಧ್ರವು ನೆಟ್ಟಗಾಗುವುದೂ ಓರೆಯಾಗುವುದೂ ಬಹುಮಟ್ಟಿಗೆ ಈ ಮೇಜನ್ನೇ ಅವಲಂಬಿಸಿದೆ. ಮೇಜು 200 ಮಿಲಿಮೀಟರ್ ಅಗಲಕ್ಕೆ ಕೇವಲ 1 ಮಿಲಿಮೀಟರ್ ವಾಲಿದ್ದರೂ, 50 ಮಿಲಿಮೀಟರ್ ದಪ್ಪದ ತುಂಡಿನಲ್ಲಿ ಬೈರಿಗೆಯು ಕಾಲು ಮಿಲಿಮೀಟರಿನಷ್ಟು ಸ್ಥಾನ ತಪ್ಪಿ ಹೊರಬೀಳುತ್ತದೆ. ಒಂದು ಮೇಜಿನ ದೋಷವು ಹೀಗೆ ನೂರು ಕೆಲಸಗಳಿಗೆ ಅಂಟಿಕೊಳ್ಳುತ್ತದೆ. ಇಂತಹ ಯಂತ್ರವನ್ನು ಗುಜರಿಗೆ ಹಾಕಬೇಕೆ, ಉಳಿಸಿಕೊಳ್ಳಬಹುದೆ ಎಂಬುದು ಸಣ್ಣ ಕಾರ್ಖಾನೆಯವನಿಗೆ ಜೀವನೋಪಾಯದ ಪ್ರಶ್ನೆ.

ಹಳೆಯ ಮೇಜಿಗೆ ಬರುವ ವ್ಯಾಧಿಗಳು ಮುಖ್ಯವಾಗಿ ಮೂರು: ಬೈರಿಗೆ ತಗುಲಿ ಬಿದ್ದ ಕುಳಿಗಳು, ಸವೆತದಿಂದಾದ ತಗ್ಗು ಮತ್ತು ವಾಲಿಕೆ. ಚಿಕಿತ್ಸೆಗೆ ಮುಂಚೆ ಪರೀಕ್ಷೆಯಾಗಬೇಕು. ವಿದ್ಯುತ್ತನ್ನು ತಪ್ಪಿಸಿ, ಬಾಗಿಸಿದ ಗಟ್ಟಿ ತಂತಿಯೊಂದನ್ನು ಬೈರಿಗೆಯ ಸ್ಥಾನದಲ್ಲಿ ಬಿಗಿದು, ಕೈಯಿಂದ ಮೆಲ್ಲನೆ ತಿರುಗಿಸಬೇಕು. ತಂತಿಯ ತುದಿಗೂ ಮೇಜಿಗೂ ನಡುವೆ ಕಾಗದದ ಚೂರನ್ನು ನಾಲ್ಕು ದಿಕ್ಕಿನಲ್ಲಿಯೂ ಸರಿಸಿ ನೋಡಿದರೆ ವಾಲಿಕೆ ತಿಳಿಯುವುದು. ನೇರವಾದ ಉಕ್ಕಿನ ಪಟ್ಟಿಯನ್ನು ಅಡ್ಡಲಾಗಿ ನಿಲ್ಲಿಸಿ, ಅದರ ಅಡಿಯಲ್ಲಿ ಬೆಳಕು ನುಸುಳುವುದನ್ನು ನೋಡಿದರೆ ತಗ್ಗು ತಿಳಿಯುವುದು. ಮೇಜು ಸಮವಾಗಿದ್ದು ವಾಲಿದ್ದು ಮಾತ್ರವೇ ದೋಷವಾದರೆ ಅದನ್ನು ಉಜ್ಜುವುದು ಅವಿವೇಕ. ಬೋಲ್ಟಿನಿಂದ ಕೂಡಿಸಿದ ಮೇಜಾದರೆ, ಅದಕ್ಕೂ ಅದನ್ನು ಹೊತ್ತ ತೋಳಿಗೂ ನಡುವೆ ಹಿತ್ತಾಳೆಯ ತೆಳುತಗಡನ್ನು ಇಟ್ಟು ಬಿಗಿದರೆ ಸಾಕು.

ಕುಳಿಗಳನ್ನು ಬೆಸುಗೆಯಿಂದ ತುಂಬಿಬಿಡೋಣವೆನಿಸಬಹುದು. ಆದರೆ ಇಂತಹ ಮೇಜು ಸಾಮಾನ್ಯವಾಗಿ ಬೀಡುಕಬ್ಬಿಣದ್ದು. ಅದರಲ್ಲಿ ಇಂಗಾಲವು ನೂರಕ್ಕೆ 2 ಭಾಗಕ್ಕಿಂತ ಹೆಚ್ಚು. ಒಂದೆಡೆ ಮಾತ್ರ ಕಾಯಿಸಿದರೆ ತಣಿಯುವಾಗ ಬಿರಿಯುವ ಭಯವುಂಟು. ಆದಕಾರಣ ಕುಳಿಯನ್ನು ದುಂಡಗೆ ಕೊರೆದು, ಒಳಗೆ ತಿರುಪಿನ ಸುತ್ತುಗಳನ್ನು ಕೊಯ್ದು, ಬೀಡುಕಬ್ಬಿಣದ್ದೇ ಬಿರಡೆಯನ್ನು ತಿರುಗಿಸಿ ಕೂರಿಸಿ, ಮೇಲೆ ಉಳಿದ ಭಾಗವನ್ನು ಅರದಿಂದ ಸಮಮಾಡುವುದು ಉತ್ತಮ.

ತಗ್ಗನ್ನು ತೆಗೆಯುವುದಕ್ಕೆ ಹೆರೆಯುವ ಕ್ರಮವೊಂದುಂಟು. ಇಂಗ್ಲೆಂಡಿನ ಯಂತ್ರಶಿಲ್ಪಿ ಜೋಸೆಫ್ ವಿಟ್‌ವರ್ತ್‌ನು 1840ರಲ್ಲಿ ಗ್ಲಾಸ್ಗೋ ನಗರದ ಬ್ರಿಟಿಷ್ ಅಸೋಸಿಯೇಷನ್ ಸಭೆಯಲ್ಲಿ ಓದಿದ ಪ್ರಬಂಧದಲ್ಲಿ ಇದನ್ನೇ ಪ್ರತಿಪಾದಿಸಿದನು. ಸಮತಟ್ಟಾದ ಮಾದರಿ ಫಲಕಕ್ಕೆ ತೆಳುವಾಗಿ ಬಣ್ಣ ಬಳಿದು ಮೇಜಿನ ಮೇಲೆ ಸರಿಸಿದರೆ, ಉಬ್ಬಿದ ಎಡೆಗಳಿಗೆ ಮಾತ್ರ ಬಣ್ಣ ಹತ್ತುತ್ತದೆ. ಅಷ್ಟನ್ನೇ ಹೆರೆದು ಪುನಃ ಪರೀಕ್ಷಿಸಬೇಕು.

ಇನ್ನು ಮಾರ್ಪಾಟಿನ ಮಾತು. ಮೇಜಿನ ಮೇಲೆ ಮರದ ಹಲಗೆಯೊಂದನ್ನು ಬೋಲ್ಟಿನಿಂದ ಬಿಗಿದು, ಬೈರಿಗೆ ಇಳಿಯುವೆಡೆಯಲ್ಲಿ ಬದಲಾಯಿಸಬಹುದಾದ ಚಿಕ್ಕ ಚೌಕದ ತುಂಡನ್ನು ಕೂರಿಸಿರಿ. ಇನ್ನು ಮುಂದಿನ ಗಾಯಗಳನ್ನು ಅದು ತಾಳಿಕೊಳ್ಳುವುದು. ಹಲಗೆಯ ಹಿಂಬದಿಗೆ ಒಂದು ಅಡ್ಡಪಟ್ಟಿಯನ್ನು ಸೇರಿಸಿದರೆ ರಂಧ್ರಗಳು ಒಂದೇ ಸಾಲಿನಲ್ಲಿ ಬೀಳುವುವು. ಆದರೂ ಕೆಲಸದ ತುಂಡನ್ನು ಬಿಗಿಯದೆ ಬರಿಗೈಯಲ್ಲಿ ಹಿಡಿಯಬಾರದು. ಬೈರಿಗೆಗೆ ಸಿಕ್ಕಿ ತಿರುಗಿದ ತುಂಡು ಬೆರಳನ್ನು ಉಳಿಸದು.

ಹಣವಿದ್ದವರು ಹೊಸ ಯಂತ್ರವನ್ನು ತರಿಸಬಹುದು. ಇಲ್ಲದವರಿಗೆ ಒಂದು ಅರ, ನಾಲ್ಕು ಬಿರಡೆ, ಒಂದು ಹಲಗೆ ಮತ್ತು ಕೆಲವು ದಿನಗಳ ತಾಳ್ಮೆ ಇದ್ದರೆ ಹಳೆಯದೇ ಮತ್ತೆ ನೆಟ್ಟಗೆ ಕೆಲಸಮಾಡುವುದೆಂದು ಅರಿಕೆಮಾಡಿ ವಿರಮಿಸುತ್ತೇವೆ.